ಮುಯ್ಯಿ ದಿನದ ಪಾಠ

ಉಪ್ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

ಹೊಳಲಿನ ದೇವಯ್ಯ ಮುದ್ದೆ ಮುರಿದು, ಅದ್ದಿ, ಒಂದು ತುತ್ತು ನುಂಗಿ ಹೆಂಡತಿಯ ಮುಖ ನೋಡಿದ. ನೋಡಿದವನು ಸುಮ್ಮನೆ ಎರಡನೇ ತುತ್ತು ಮುರಿದ. ಇಷ್ಟು ವರ್ಷದ ಸಂಸಾರ ಬೇರೇನು ಕಲಿಸದಿದ್ದರೂ ಇದನ್ನು ಕಲಿಸಿತ್ತು. ಕಾಮಾಕ್ಷಮ್ಮ ಬಾಯಿ ಮಾಡುವವಳಲ್ಲ ಎಂದರೆ ಸುಳ್ಳಾದೀತು, ಚೆನ್ನಾಗಿಯೇ ಮಾಡುತ್ತಾಳೆ. ಆದರೆ ಅವಳ ಸಿಟ್ಟು ಬಾಯಿಗೆ ಬರುವ ಮೊದಲು ಸಾರಿಗೆ ಬರುತ್ತದೆ.

"ಅಜ್ಜೀ, ಸಾರು ಸಪ್ಪೆ," ಎಂದಳು ಮೊಮ್ಮಗಳು ತೇಜು. ಒಂದನೇ ಕ್ಲಾಸಿನ ಹುಡುಗಿ, ಅನುಭವ ಸಾಲದು.

"ನಿಮ್ಮವ್ವನ್ನ ಕೇಳು. ಉಪ್ಪು ಎಷ್ಟಾಕ್ಬೇಕು ಅಂತ ಅವ್ಳ ಬುಕ್ಕಲ್ಲಿ ಬರ್ದಿರ್ತದೆ."

ಸೊಸೆ ಆಶಾರಾಣಿ ಎದ್ದು ಉಪ್ಪಿನ ಡಬ್ಬಿ ತಂದು ನಡುವೆ ಇಟ್ಟಳು. ಮಗ ಕೆಂಪರಾಜು ಎಲ್ಲರ ತಟ್ಟೆಗೂ ಚಿಟಿಕೆ ಹಾಕಿ, "ಏನಾಯ್ತವ್ವ?" ಎಂದು ಕೇಳಿದ. ಕೇಳಬಾರದಿತ್ತು.

"ಏನಾಗ್ಬೇಕು? ಮಲ್ಲಿಗಮ್ಮ ಬಂದಿದ್ಲು. ಕಳೆ ಕೀಳಕ್ಕೆ ನಿಮ್ಮನೆ ಆಳು ಯಾರು ಅಂದ್ಲು. ನಾನೇನೇಳ್ಲಿ? ನಮ್ಮನೆ ಆಳು ಕಾಲೇಜು ಸೀರೆ ಉಟ್ಕಂಡು ಇಸ್ಕೂಲ್ಗೆ ಓಯ್ತದೆ ಅಂತ ಹೇಳ್ಳಾ?"

ಇದು ಮುಯ್ಯಿಯ ಮಾತು. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ, ದುಡ್ಡಿನ ಮಾತಿಲ್ಲ. ಆದರೆ ದುಡ್ಡಿಗಿಂತ ಬಿಗಿಯಾದ ಲೆಕ್ಕ ಅದು. ಆಳಿಗೆ ಆಳೇ ಬರಬೇಕು, ಅದೂ ಸರೀಕ ಆಳು. ಬಗ್ಗಿ ಸಾಲು ಹಿಡಿಯಲಾರದವಳು ಎಷ್ಟೇ ಹಿರಿಯಳಾಗಲಿ, ಲೆಕ್ಕಕ್ಕಿಲ್ಲ. ದೇವಯ್ಯನ ಗದ್ದೆಯ ನಾಟಿಗೆ ಆ ಬೀದಿಯ ಹೆಂಗಸರೆಲ್ಲ ಬಂದು ಹಗ್ಗ ಹಿಡಿದು ಸಾಲು ನಾಟಿ ಮಾಡಿಕೊಟ್ಟು ಹೋಗಿದ್ದರು. ಈಗ ಅವರ ಗದ್ದೆಗಳಿಗೆ ಈ ಮನೆಯಿಂದ ಒಬ್ಬಳು ಹೋಗಬೇಕು. ಆ ಒಬ್ಬಳು ಮದುವೆಯಾಗಿ ಬಂದಾಗಿನಿಂದ ರಜೆ ದಿನಗಳಲ್ಲಿ ಆಶಾರಾಣಿಯೇ.

ಒಂದು ಕಾಲದಲ್ಲಿ ಅದು ಕಾಮಾಕ್ಷಮ್ಮ. ಒಂದು ಕಾಲದಲ್ಲೇನು, ಮುಯ್ಯಿ ಹೆಂಗಸರ ಮುಂದಾಳೇ ಅವಳು. ಸೊಂಟ ಹಿಡಿದ ಮೇಲೆ ಬಗ್ಗುವುದಕ್ಕಾಗದೆ ಮನೆಯಲ್ಲಿ ಉಳಿದಳು. ಮುಂದಾಳುತನ ಮಲ್ಲಿಗಮ್ಮನಿಗೆ ಹೋಯಿತು. ಬೆಳಗ್ಗೆ ಹೆಂಗಸರು ಮನೆ ಮುಂದೆ ಹಾದು ಗದ್ದೆಗೆ ಹೋಗುವಾಗ ಕಾಮಾಕ್ಷಮ್ಮ ಬೇಕೆಂದೇ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಅವಳ ಸಿಟ್ಟಿನ ಬೇರು ಅಲ್ಲಿತ್ತು, ಸೊಸೆಯ ಓದಿನಲ್ಲಿ ಅಲ್ಲ. ಆದರೆ ಯಾರೂ ಬೇರನ್ನು ತೋರಿಸಿ ಜಗಳ ಆಡುವುದಿಲ್ಲ.

ಆಶಾರಾಣಿ ಮಳವಳ್ಳಿ ಕಡೆಯ ಹುಡುಗಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ. ಅಲ್ಲೇ ರಿಪೇರಿ ವಿಭಾಗದಲ್ಲಿದ್ದ ಕೆಂಪರಾಜು ಅವಳಿಗೆ ಗಂಟು ಬಿದ್ದದ್ದು. ಕೆಲಸ ಕೆಟ್ಟದ್ದೇನಲ್ಲ. ಆದರೆ ಪ್ರತಿ ವರ್ಷ ಹೊಸದಾಗಿ ಸೇರುವ ಹುಡುಗಿಯರು ಒಂದು ಸ್ಪ್ಯಾನರ್ ಹಿಡಿಯಲೂ ಹೆದರುವುದನ್ನು ನೋಡಿ ನೋಡಿ ಅವಳಿಗೆ ಕಸಿವಿಸಿ. ಎಲ್ಲರಿಗೂ ಒಳ್ಳೆಯ ಅಂಕ, ಯಾರ ಕೈಗೂ ಯಾರೂ ಸಾಮಾನು ಕೊಟ್ಟಿಲ್ಲ. "ಇಪ್ಪತ್ತು ವರ್ಷ ಆದ್ಮೇಲೆ ಹೆದ್ರಿಕೆ ಬಿಡ್ಸೋಕಾಗಲ್ಲ ರೀ. ಹೈಸ್ಕೂಲಲ್ಲೇ ಬಿಡಿಸ್ಬೇಕು," ಎಂದು ಗಂಡನಿಗೆ ಹೇಳಿ, ಕೆಲಸ ಬಿಟ್ಟು, ಮಂಡ್ಯದ ಬಿ.ಎಡ್. ಕಾಲೇಜಿಗೆ ಸೇರಿದಳು. ಪ್ರೌಢಶಾಲೆಯ ಮಕ್ಕಳಿಗೆ ತಂತ್ರಜ್ಞಾನ ಕಲಿಸುವ ಮೇಡಂ ಆಗಬೇಕು, ಅಷ್ಟೇ ಅವಳ ಆಸೆ. ಸಂಬಳ ತರುವ ಸೊಸೆ ಸಂಬಳ ಬಿಟ್ಟು ಓದಲು ಹೋದರೆ ಊರು ಸುಮ್ಮನಿರುತ್ತದೆಯೇ? "ಮುಂದಕ್ಕೆ ಓಗೋ ಎತ್ತು ಹಿಂದಕ್ಕೆ ತಿರುಗ್ದಂಗಾಯ್ತು" ಎಂದರು. ಅವಳು ಕೇಳಿಸಿಕೊಂಡು ಬಸ್ಸು ಹತ್ತಿದಳು. ನನಗಂತೂ ಅವಳ ಈ ಗುಣ ಬಹಳ ಹಿಡಿಸುತ್ತದೆ.

ಈಗ ಎರಡನೇ ವರ್ಷ. ಪಾಠ ಮಾಡಿ ಕಲಿಯುವುದಕ್ಕೆಂದು ಕಾಲೇಜಿನವರು ಅವಳನ್ನು ನಾಲೆ ಆಚೆಯ ಪಕ್ಕದೂರಿನ ಹೈಸ್ಕೂಲಿಗೆ ಕಳಿಸಿದ್ದರು. ಒಂದು ದಿನವೂ ತಪ್ಪಿಸುವಂತಿಲ್ಲ. ಕೊನೆಗೆ ಹೊರಗಿನ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ. ಅದು ಕೆಟ್ಟರೆ ಎರಡು ವರ್ಷ ನೀರಲ್ಲಿ ಹೋಮ.

"ನಾಟಿಗೆ ರಜ ಆಕಿ ಬಂದಿದ್ಯಲ್ಲ ಆಸಾ, ಕಳೆಗೂ ಆಕು," ಎಂದಳು ಕಾಮಾಕ್ಷಮ್ಮ.

"ಆಗ ಕಾಲೇಜು, ಈಗ ಸ್ಕೂಲು ಅತ್ತೆ. ಬಿಡೋದಿಲ್ಲ."

"ಮುಯ್ಯೀನೂ ಬುಡೋದಿಲ್ಲ ಕಣಮ್ಮ. ನಾನು ಬದುಕಿರೋಗಂಟ ಈ ಮನೇಲಿ ಮುಯ್ಯಿ ಉಳ್ಕಳದಿಲ್ಲ."

ದೇವಯ್ಯ ಕೈ ತೊಳೆಯಲು ಎದ್ದ. "ಲೇ, ಸಾರು ಸಪ್ಪೆಯಾದ್ರೂ ಕಾರ ಚೆಂದಾಗದೆ," ಎಂದು ಹೋದ. ಅವನ ಸಮಾಧಾನದ ಮಾತುಗಳೆಲ್ಲ ಹೀಗೇ ಇರುತ್ತಿದ್ದವು.

ಅಲ್ಲಿಂದ ಮುಂದಿನ ದಿನಗಳಲ್ಲಿ ಮನೆಯ ಕೆಲಸ ಕೈ ಬದಲಾಯಿಸಿತು. ಆಶಾರಾಣಿ ಬೆಳಗ್ಗೆ ಕಸ, ನೀರು, ತೇಜುವಿನ ಜಡೆ ಮುಗಿಸಿ ಹೊರಡುತ್ತಿದ್ದಳು. ಕೆಂಪರಾಜು ಎರಡನೇ ಪಾಳಿ ಇದ್ದಾಗ ಅಡುಗೆಗೆ ನಿಂತ. ಮೊದಲ ದಿನ ಅವನು ತಿರುವಿದ ಮುದ್ದೆಯಲ್ಲಿ ನೆಲ್ಲಿಕಾಯಿ ಗಾತ್ರದ ಹಿಟ್ಟಿನ ಗಂಟುಗಳಿದ್ದವು.

"ಲೋ ಕೆಂಪ, ಇದ ಉಂಡ್ರೆ ನನ್ನ ಎತ್ತೂ ಬೇದಿ ಮಾಡ್ಕತ್ತದೆ ಕಣ್ಲಾ," ಎಂದ ದೇವಯ್ಯ.

"ನೀನು ಒಂದಿನ ತಿರುವು ನೋಡವಾ."

"ನಾನ್ಯಾಕ್ ತಿರುವ್ಲಿ? ನಾನೇನು ಎಂಜಿನಿಯರ್ರಾ?"

ಕಾಮಾಕ್ಷಮ್ಮ ನಗಬಾರದೆಂದು ತುಟಿ ಕಚ್ಚಿಕೊಂಡು ಕೋಲು ಕಿತ್ತುಕೊಂಡಳು. ಸೊಂಟಕ್ಕೆ ಒಂದು ಕೈ ಕೊಟ್ಟು ನಿಂತೇ ತಿರುವಿದಳು. ಕೂತು ತಿರುವುವುದು ಅವಳಿಂದ ಆಗುತ್ತಿರಲಿಲ್ಲ. ಅದಕ್ಕೇ ಆಶಾರಾಣಿ ಬಂದ ಹೊಸದರಲ್ಲೇ ಒಲೆಯನ್ನು ಅತ್ತೆಯ ಎತ್ತರಕ್ಕೆ ಕಟ್ಟೆ ಕಟ್ಟಿಸಿ ಇಡಿಸಿದ್ದಳು. ಆ ಉಪಕಾರವನ್ನು ಕಾಮಾಕ್ಷಮ್ಮ ಬಾಯಲ್ಲಿ ಹೇಳಿದವಳಲ್ಲ, ಮರೆತವಳೂ ಅಲ್ಲ.

ಸಂಜೆ ಮನೆಯೇ ತರಗತಿ. ಮಾರನೆಯ ದಿನದ ಪಾಠವನ್ನು ಆಶಾರಾಣಿ ಮನೆಯವರ ಮುಂದೆ ಒಮ್ಮೆ ಮಾಡಿ ನೋಡುತ್ತಿದ್ದಳು. ದೇವಯ್ಯ ಮೊದಲ ಐದು ನಿಮಿಷದಲ್ಲೇ ತೂಕಡಿಸುತ್ತಿದ್ದ.

"ಮಾವನ್ನ ಎದ್ದಿರೋ ಹಾಗೆ ಪಾಠ ಮಾಡಿದ್ರೆ ನಾನು ಪಾಸು," ಎನ್ನುತ್ತಿದ್ದಳು ಅವಳು.

"ಸನ್ನೆ ಅಂದ್ರೆ ಭಾರ ಎತ್ತೋ ಕೋಲು ಅಂತ ಬೋರ್ಡ್ ಮೇಲೆ ಬರ್ದು ತೋರುಸ್ತೀಯ. ಅದ್ನ ಕೈಗೆ ಕೊಡು, ಅವು ಯಾಕ್ ನಿದ್ದೆ ಮಾಡ್ತವೆ?" ಎಂದಳು ಸೊಪ್ಪು ಬಿಡಿಸುತ್ತಿದ್ದ ಕಾಮಾಕ್ಷಮ್ಮ. ಬೈಗುಳದ ದನಿಯಲ್ಲೇ ಹೇಳಿದಳು. ಆಶಾರಾಣಿ ಮಾರನೆಯ ದಿನ ಹಾರೆಕೋಲನ್ನೇ ಶಾಲೆಗೆ ಒಯ್ದಳು. ಮಕ್ಕಳು ಹೆಡ್ ಮೇಷ್ಟ್ರ ಬೀರುವನ್ನು ಎತ್ತಿ ಜಾಗ ಬದಲಾಯಿಸಿದರು. ಹೆಡ್ ಮೇಷ್ಟ್ರು ನಾಗಯ್ಯನವರು ಬೀರು ಅಲ್ಲಾಡಿದ್ದಕ್ಕೆ ಗಾಬರಿಯಾಗಿ ಓಡಿ ಬಂದು, ಅದರ ಹಿಂದೆ ಕಳೆದುಹೋಗಿದ್ದ ತಮ್ಮ ಕನ್ನಡಕ ಸಿಕ್ಕಿದ್ದಕ್ಕೆ ಸಂತೋಷಪಟ್ಟು ಹೋದರು.

ಹೀಗೆ ಸರಿಹೋಯಿತು ಎನ್ನುವಷ್ಟರಲ್ಲಿ ಮಲ್ಲಿಗಮ್ಮ ಮತ್ತೆ ಬಂದಳು. ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ಬಗ್ಗಿಸದೆ ಬರುವಂತಿಲ್ಲ, ಮಾತನ್ನೂ ಬಗ್ಗಿಸುವವಳಲ್ಲ.

"ಕಾಮಾಕ್ಸಮ್ಮ, ನಮ್ ಗದ್ದೆಗೆ ಕಳೆ ಬರೋ ವಾರ ಬುಟ್ಟು ಆಚೆ ಗುರುವಾರ. ನಾಲೆ ನೀರು ಬುಡೋದು ಅದರ ಹಿಂದ್ಲ ದಿನ, ಕೆಸರು ಹಸಿ ಇದ್ದಂಗೇ ಕೀಳ್ಬೇಕು. ತಪ್ಪುಸ್ಬ್ಯಾಡಿ."

ಆಶಾರಾಣಿಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಆವತ್ತೇ ಶಾಲೆಯಲ್ಲಿ ಹೇಳಿದ್ದರು: ಆಚೆ ಗುರುವಾರ ಪರೀಕ್ಷಾ ಪಾಠ.

"ಚಿಕ್ಕಮ್ಮ, ಶುಕ್ರವಾರ ಆಗಲ್ವಾ?"

"ನೀರಿಗೆ ಏಳ್ಕಳವ್ವ ನಿಲ್ಲು ಅಂತ," ಎಂದು ಮಲ್ಲಿಗಮ್ಮ ಎಲೆ ಅಡಿಕೆ ಬಾಯಿಗಿಟ್ಟು ನಡೆದಳು.

ಆ ಸಂಜೆ ಕಾಮಾಕ್ಷಮ್ಮನ ಹುರುಳಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ಕೂಲಿ ಕೊಟ್ಟು ಆಳು ಕಳಿಸೋಣ ಎಂದು ಕೆಂಪರಾಜು ಹೇಳಿ ನೋಡಿದ. "ಮುಯ್ಯಿಗೆ ಕೂಲಿ ಆಳಾ? ಸತ್ತೋರ ಮನೇಲಿ ಅಳಕ್ಕೂ ಕೂಲಿಯೋರ್ನ ಕಳ್ಸು," ಎಂದು ತಾಯಿ ಬಾಯಿ ಮುಚ್ಚಿಸಿದಳು. "ನಾನೇ ಓಯ್ತೀನಿ ಅಂದ್ರೆ ಮಲ್ಲಿಗಿ ನನ್ನ ಆಳು ಅಂತ ಎಣ್ಸಲ್ಲ," ಎಂದೂ ಸೇರಿಸಿದಳು. ಇದನ್ನು ಹೇಳುವಾಗ ದನಿ ಸ್ವಲ್ಪ ಇಳಿದಿತ್ತು. ಆಶಾರಾಣಿಗೆ ಕೇಳಿಸಿದ್ದು ಆ ಇಳಿದ ದನಿ.

ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕಳೆ ಮಿಷನ್ನು ಬಿದ್ದಿತ್ತು. ಮುಂದೆ ಕೆಸರ ಮೇಲೆ ಜಾರುವ ತಟ್ಟೆ, ಅದರ ಹಿಂದೆ ಹಲ್ಲಿನ ಎರಡು ಉರುಳೆ, ಓರೆಯಾಗಿ ಒಂದು ಉದ್ದ ಪೈಪು, ಪೈಪಿನ ತುದಿಗೆ ಅಡ್ಡ ಹಿಡಿ. ಸಾಲಿನ ನಡುವೆ ನಿಂತುಕೊಂಡೇ ಹಿಂದೆ ಮುಂದೆ ತಳ್ಳಿದರೆ ಕಳೆ ಕಿತ್ತು ಕೆಸರಲ್ಲಿ ಹೂತುಹೋಗುತ್ತದೆ. ಸಬ್ಸಿಡಿಯಲ್ಲಿ ಸಿಕ್ಕಿತೆಂದು ದೇವಯ್ಯ ತಂದಿದ್ದ. ಆದರೆ ಅದನ್ನು ಮಾಡಿದವರು ಆರಡಿ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು, ಮಂಡ್ಯ ಜಿಲ್ಲೆಯಲ್ಲಿ ಕಳೆ ಕೀಳುವುದು ಹೆಂಗಸರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿಡಿ ಕಾಮಾಕ್ಷಮ್ಮನ ಗಲ್ಲದವರೆಗೆ ಬರುತ್ತಿತ್ತು. ಈಗ ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು.

ಆಶಾರಾಣಿ ಕೋಳಿಗಳನ್ನು ಎಬ್ಬಿಸಿ, ಮಿಷನ್ನನ್ನು ತೊಳೆದು ಶಾಲೆಗೆ ಹೊತ್ತುಕೊಂಡು ಹೋದಳು.

"ಇದನ್ನ ನಮ್ಮತ್ತೆ ನಿಂತ್ಕೊಂಡೇ ತಳ್ಳೋ ಹಾಗೆ ಮಾಡ್ಬೇಕು. ಇದೇ ನನ್ನ ಪರೀಕ್ಷಾ ಪಾಠ," ಎಂದಳು ಒಂಬತ್ತನೇ ಕ್ಲಾಸಿಗೆ. "ಮೊದಲು ಏನು ಮಾಡ್ಬೇಕು?"

"ಪೈಪು ಕುಯ್ಯದು ಮಿಸ್," ಎಂದರು ನಾಲ್ಕೈದು ಜನ.

"ಎಷ್ಟು?"

ಯಾರಿಗೂ ಗೊತ್ತಿರಲಿಲ್ಲ. "ಅಂಗಾರೆ ಅವ್ರನ್ನೇ ಅಳೀಬೇಕು," ಎಂದಳು ನಯನ ಎಂಬ ಹುಡುಗಿ. ಆಶಾರಾಣಿಗೆ ಅವಳನ್ನು ಎತ್ತಿ ಕುಣಿಸಬೇಕು ಅನ್ನಿಸಿತು. ಒಬ್ಬರಿಗೆ ಏಕೆ, ಮುಯ್ಯಿ ಹೆಂಗಸರಿಗೆಲ್ಲ ಹೊಂದುವಂತೆ ಮಾಡೋಣ ಎಂದು ಮಾತಾಯಿತು. ಶನಿವಾರ ಶಾಲೆಗೆ ಬನ್ನಿ, ಮಕ್ಕಳು ಅಳತೆ ತೆಗೆದುಕೊಳ್ಳುತ್ತಾರೆ ಎಂದು ಅವರಿಗೆ ಹೇಳಿ ಕಳಿಸಿದಳು.

ಬಂದರು. ಬಂದ ವೈಖರಿಯನ್ನು ಹೇಳಬೇಕು. ಶಾಲೆಗೆ ಕರೆದಿದ್ದಾರೆ, ಅಳತೆಯಂತೆ, ಫೋಟೋನೂ ಇರಬಹುದು ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಬಂದರು. ಕಾಮಾಕ್ಷಮ್ಮ ಮಗನ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಮಲ್ಲಿಗಮ್ಮ ಹೂ ಮುಡಿದು, ಮಗಳ ಎತ್ತರದ ಚಪ್ಪಲಿ ಮೆಟ್ಟಿ ಇನ್ನೂ ಎತ್ತರವಾಗಿದ್ದಳು. ಜಗಲಿಯ ಕಲ್ಲು ಚಪ್ಪಡಿಯ ಮೇಲೆ ಸಾಲಾಗಿ, ಎದೆ ಸೆಟೆಸಿ, ಉಸಿರು ಹಿಡಿದು ನಿಂತರು. ಮಕ್ಕಳು ಪ್ರತಿಯೊಬ್ಬಳ ಮೊಣಕೈ ಎತ್ತರ ಅಳೆದರು. ನಾಗಯ್ಯನವರು ನಿಜಕ್ಕೂ ಫೋಟೋ ತೆಗೆದರು.

"ಲೋ ಮಗ, ಸರ್ಯಾಗಿ ಅಳಿ. ಆಮೇಲೆ ರವಿಕೆ ಬಿಗಿಯಾಯ್ತು ಅನ್ನಂಗಾಗ್ಬಾರ್ದು," ಎಂದು ಮಲ್ಲಿಗಮ್ಮ ಎಲ್ಲರನ್ನೂ ನಗಿಸಿದಳು. ಕಾಮಾಕ್ಷಮ್ಮನೂ ನಕ್ಕಳು. ಅತ್ತೆಯನ್ನು ಆ ಹೆಂಗಸರ ಸಾಲಿನಲ್ಲಿ ನೋಡಿ ಆಶಾರಾಣಿಗೆ ಎಷ್ಟು ಖುಷಿಯಾಯಿತೆಂದರೆ, ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದ ಅವಳ ಕಣ್ಣು ಆವತ್ತು ಅವರ ಮುಖ ಬಿಟ್ಟು ಕೆಳಗೆ ಇಳಿಯಲೇ ಇಲ್ಲ.

ಸಂಜೆಯೇ ಎಲ್ಲರ ಅಳತೆಯ ಸರಾಸರಿ ಹಿಡಿದು ಪೈಪು ಕುಯ್ದು ಹಿಡಿ ಬೆಸುಗೆಯಾಯಿತು. ಭಾನುವಾರ ದೇವಯ್ಯನ ಗದ್ದೆಯಲ್ಲೇ ನೋಡೋಣ ಎಂದರು. ಹೆಂಗಸರು ಬದುವಿನ ಮೇಲೆ ಕೂತರು. ಕಾಮಾಕ್ಷಮ್ಮ ಸೆರಗು ಸಿಕ್ಕಿಸಿ, ವರ್ಷಗಳ ಮೇಲೆ ಮೊದಲ ಸಲ ಗದ್ದೆಗೆ ಇಳಿದು, ಹಿಡಿ ಹಿಡಿದಳು.

ಹಿಡಿ ಎದೆಯ ಮಟ್ಟಕ್ಕಿತ್ತು. ತಳ್ಳಲು ಹೋದರೆ ಮೊಣಕೈ ಎರಡೂ ಮೇಲೆದ್ದವು. ಶಕ್ತಿ ಎಲ್ಲ ಗಾಳಿಗೆ ಹೋಯಿತೇ ಹೊರತು ಉರುಳೆಗೆ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ತಳ್ಳಿದಳು. ತಟ್ಟೆ ಜಾರಿ, ಕಾಮಾಕ್ಷಮ್ಮ ಹಿಡಿಯ ಮೇಲೆ ಮುಗ್ಗರಿಸಿ ಅದನ್ನೇ ತಬ್ಬಿಕೊಂಡು ನಿಂತಳು.

"ಅಯ್ಯೋ, ದೇವಯ್ಯನ್ನ ಬುಟ್ಟು ಮಿಸಿನ್ನ ತಬ್ಕಂಡವ್ಳೆ ನೋಡ್ರವ್ವ!" ಎಂದಳು ಮಲ್ಲಿಗಮ್ಮ. ಬದುವಿನ ಮೇಲೆ ನಗು ಎದ್ದಿತು.

"ಮಿಸಿನ್ನೇ ಸರಿಯಿಲ್ಲ!"

"ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ಮನೇಗೋಗವ್ವ, ಸೊಂಟ ನೋಡ್ಕೊ."

ಕಾಮಾಕ್ಷಮ್ಮ ಮಿಷನ್ನನ್ನು ಕೆಸರಲ್ಲೇ ಬಿಟ್ಟು ಮೇಲೆ ಬಂದಳು. ಮನೆಯ ಹಿತ್ತಲಲ್ಲಿ ಕಾಲು ತೊಳೆಯುವಾಗ ಸಿಟ್ಟಿನ ಕಟ್ಟೆ ಒಡೆಯಿತು.

"ಮನೇಲಿ ಮೂಲೆಗೆ ಕೂತಿದ್ದೋಳ್ನ ಕರ್ಕಂಡೋಗಿ ಗದ್ದೆಗಿಳ್ಸಿ ನಗಾಡುಸ್ದಲ್ಲ ಆಸಾ. ನಿಂಗೆ ಪಾಠ, ನಂಗೆ ಪಜೀತಿ."

"ಅತ್ತೆ, ಅಳತೆ ಎಲ್ಲೋ ತಪ್ಪಾಗಿದೆ. ನಾಳೆ ನೋಡ್ತೀನಿ."

"ನೋಡು, ನೋಡ್ತಾನೇ ಇರು. ಗುರುವಾರ ನೀನೇ ಗದ್ದೆಗೋಗು. ಪರೀಕ್ಸೆ ಮುಂದಿನ ವರ್ಸ ಬರ್ಕ."

"ಅವ್ವ!" ಎಂದ ಕೆಂಪರಾಜು.

"ನೀನು ಸುಮ್ಕಿರ್ಲಾ. ಹೆಂಡ್ತಿ ಪರವಾಗಿ ಮುದ್ದೆ ತಿರುವಿದ್ದು ಸಾಕು."

ಕೆಂಪರಾಜು ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಎಲ್ರೂ ಮಾಡೋ ಹಾಗೆ ಒಂದು ಚಾರ್ಟ್ ಬರ್ದು ಹಾಕಿ ಪಾಠ ಮುಗ್ಸು ಆಶಾ. ಮಿಷನ್ ಸಹವಾಸ ಬೇಡ. ಗುರುವಾರ ನಾನು ಅವ್ವನ್ನ ಹೆಂಗೋ ಒಪ್ಪಿಸ್ತೀನಿ."

"ಚಾರ್ಟ್ ಹಾಕಿದ್ರೆ ಪಾಸಾಗ್ತೀನಿ ರೀ. ಆದ್ರೆ ಅತ್ತೆ ಫೇಲಾಗಿ ಉಳ್ಕೋತಾರೆ," ಎಂದಳು ಅವಳು. ಅದೇ ಉಟ್ಟ ಸೀರೆಯಲ್ಲಿ ಗದ್ದೆಗೆ ತಿರುಗಿ ಹೋದಳು.

ಮಿಷನ್ನು ಬಿಟ್ಟಲ್ಲೇ ನಿಂತಿತ್ತು. ಅವಳು ಇಳಿದು ಹಿಡಿ ಹಿಡಿದಳು. ನಿನ್ನೆ ಜಗಲಿಯ ಮೇಲೆ ತನಗೂ ಸರಿಯಾಗಿದ್ದ ಹಿಡಿ ಇವತ್ತು ಮೇಲಿತ್ತು. ಪೈಪು ಬೆಳೆಯುತ್ತದೆಯೇ? ತಲೆ ಬಗ್ಗಿಸಿ ನೋಡಿದಳು. ಮೀನಖಂಡದವರೆಗೆ ಕೆಸರು. ತಾನು ಹೂತಿದ್ದಾಳೆ, ಮಿಷನ್ನು ತಟ್ಟೆಯ ಮೇಲೆ ತೇಲಿ ನಿಂತಿದೆ. ಕಲ್ಲು ಚಪ್ಪಡಿ, ಎತ್ತರದ ಚಪ್ಪಲಿ, ಸೆಟೆದ ಎದೆ. ಗದ್ದೆಯ ಹೆಂಗಸರನ್ನು ಗದ್ದೆ ಬಿಟ್ಟು ಅಳೆದಿದ್ದಳು. ಮಳವಳ್ಳಿಯಲ್ಲಿ ಹುಟ್ಟಿ, ಹೊಳಲಿನಲ್ಲಿ ನಾಟಿ ಮಾಡಿ, ಮಾಡಿದ ತಪ್ಪು! ಕೆಸರಲ್ಲಿ ಒಬ್ಬಳೇ ನಿಂತು ಅವಳು ಜೋರಾಗಿ ನಕ್ಕಳು. ಮಲ್ಲಿಗಮ್ಮನ ಗಾದೆ ಈ ಸಲ ತಿರುಗಿಬಿದ್ದಿತ್ತು. ನೆಲವೇ ಡೊಂಕಾಗಿತ್ತು.

ಸೋಮವಾರ ಅವಳು ಮಕ್ಕಳಿಗೆ ಕಾರಣ ಹೇಳಲಿಲ್ಲ. "ನಮ್ಮ ಮಿಷನ್ನು ಸೋತಿದೆ. ಯಾಕೆ ಅಂತ ನೀವೇ ಬಂದು ನೋಡಿ," ಎಂದು ಶಾಲೆ ಬಿಟ್ಟ ಮೇಲೆ ನಾಲೆ ಏರಿಯ ಮೇಲೆ ನಡೆಸಿಕೊಂಡು ಬಂದಳು. ಮಕ್ಕಳು ಇಳಿದರು, ಹೂತರು, ಕಿರುಚಿದರು, ಕಂಡುಹಿಡಿದರು. ಈಗ ಮತ್ತೆ ಅಳೆಯಬೇಕು, ಕೆಸರಲ್ಲೇ. ಯಾರನ್ನು?

ಕಾಮಾಕ್ಷಮ್ಮ ಬದುವಿನಾಚೆ ಎಮ್ಮೆಗೆ ಹುಲ್ಲು ಕುಯ್ಯಿಸಿಕೊಳ್ಳುವ ನೆವದಲ್ಲಿ ನಿಂತಿದ್ದಳು. ದೇವಯ್ಯ ಕುಯ್ಯುತ್ತಿದ್ದ. ಸೊಸೆ ತನ್ನ ಮೊಣಕೈಗೇ ಟೇಪು ಹಿಡಿಸಿಕೊಳ್ಳುವುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಮತ್ತೆ ಇನ್ಯಾರಿಗ್ ಸರಿಯಾಗ್ಬೇಕು ಅಂತ ಅಳೀತಾವ್ಳೆ ಇವ್ಳು?"

"ನಿಂಗೇ ಕಣಮ್ಮಿ," ಎಂದ ದೇವಯ್ಯ ಕುಡುಗೋಲು ನಿಲ್ಲಿಸದೆ. "ನೀನ್ ಬರಲ್ಲ ಅಂತ ತನ್ನ ಅಳ್ತೇನೇ ತಕ್ಕತಾವ್ಳೆ."

"ಅವಳವು ಕೊಕ್ಕರೆ ಕಾಲು. ನನ್ ಕಾಲಿಗೆ ಹೊಂದ್ತವಾ?" ಕಾಮಾಕ್ಷಮ್ಮ ಇನ್ನಷ್ಟು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ. ಕೆಲಸ ತಪ್ಪಾಗಿ ನಡೆಯುವುದನ್ನು ನೋಡಿಕೊಂಡು ನಿಲ್ಲುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಹಳೆಯ ವಾಯಿಲ್ ಸೀರೆಯನ್ನು ಮೊಣಕಾಲಿಗೆ ಕಟ್ಟಿ ಇಳಿದು ಬಂದಳು.

"ತತ್ತಾ ಟೇಪ. ಲೇ ಕೂಸೆ, ಏನ್ ನಿನ್ನೆಸ್ರು?"

"ನಯನ."

"ಕೈ ಇಂಗೆ ಮಡಿಸ್ತೀನಿ, ಇಲ್ಲಿಂದ ತಟ್ಟೆಗಂಟ ಇಡಿ. ಈ ಸಲ ನಾನು ಸೆಟ್ಕಳದಿಲ್ಲ."

ಮಲ್ಲಿಗಮ್ಮನೂ ಬಂದು ನಿಂತಳು. ತೂಕದ ಹೆಂಗಸು, ಅವಳು ಎಲ್ಲರಿಗಿಂತ ಆಳಕ್ಕೆ ಹೂತಳು. ಒಬ್ಬೊಬ್ಬರದು ಒಂದೊಂದು ಅಳತೆ. ಒಬ್ಬರಿಗೆ ಕುಯ್ದರೆ ಇನ್ನೊಬ್ಬರಿಗೆ ಆಗುವುದಿಲ್ಲ. ಮಕ್ಕಳು ಪೆಚ್ಚಾದರು. ಆಶಾರಾಣಿಗೆ ಉಪಾಯ ಹೊಳೆದಿತ್ತು, ಆದರೆ ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಮೇಷ್ಟ್ರಾಗುವವರು ಕಲಿಯಬೇಕಾದ ಅತಿ ಕಷ್ಟದ ಪಾಠ ಅದೇ ಇರಬೇಕು, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು.

"ಮಿಸ್, ಸೈಕಲ್ ಸೀಟು!" ಎಂದಳು ನಯನ. "ನಮ್ಮಣ್ಣ ಏರಿಸ್ತಾನೆ, ನಾನು ಇಳಿಸ್ತೀನಿ. ಅಂಗೇ ಪೈಪಿನೊಳಗೆ ಪೈಪು!"

ಮಾರನೆಯ ದಿನ ಉದ್ದ ಪೈಪಿನಿಂದ ಇನ್ನೊಂದು ಗೇಣು ತೆಗೆದು, ಅದರೊಳಗೆ ಸಣ್ಣ ಪೈಪು ತೂರಿಸಿ, ತೂತು ಕೊರೆದು ಬೋಲ್ಟು ಹಾಕಿದರು. ಕೊರೆಯುವ ಮಿಷನ್ನು ಹಿಡಿದವಳು ನಯನ, ಅವಳ ಕೈ ಹಿಡಿದವಳು ಆಶಾರಾಣಿ. ಮೂರನೇ ತೂತಿಗೆ ಆಶಾರಾಣಿ ಕೈ ಬಿಟ್ಟಳು. ನಯನ ಕೊರೆಯುತ್ತಲೇ ಇದ್ದಳು.

ಬುಧವಾರ ಸಂಜೆ ಗದ್ದೆಯಲ್ಲಿ ಒಂದು ಸಾಲು ತಳ್ಳಿ ನೋಡಿ ಬಂದ ಕಾಮಾಕ್ಷಮ್ಮ ಬಸ್ಸಾರು ಬಡಿಸಿದಳು. ದೇವಯ್ಯ ಅದ್ದಿ ಬಾಯಿಗಿಟ್ಟು, ಸೊಸೆಯ ಕಡೆ ನೋಡಿ ಹುಬ್ಬು ಹಾರಿಸಿದ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು.

ಗುರುವಾರ ಬೆಳಗ್ಗೆ ಹೆಂಗಸರು ಮನೆ ಮುಂದೆ ಹಾದುಹೋಗುವ ಹೊತ್ತಿಗೆ ಕಾಮಾಕ್ಷಮ್ಮ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ಹೆಗಲ ಮೇಲೆ ಮಿಷನ್ನು ಹೊತ್ತು ಹಿಂದೆ ದೇವಯ್ಯ.

"ಆಸಾನ ಬದ್ಲು ನಾನು," ಎಂದಳು.

ಮಲ್ಲಿಗಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಂಜೆಗಂಟ ನಿಂತ್ರೆ ಆಳು. ಇಲ್ದಿದ್ರೆ ಮುಯ್ಯಿ ಅಂಗೇ ಉಳೀತದೆ. ಆಮೇಲೆ 'ಮಲ್ಲಿಗಿ ಹಿಂಗಂದ್ಲು' ಅನ್ಬ್ಯಾಡ."

"ನಡಿಯವ್ವ, ಬಾಯಲ್ಲೇ ಕಳೆ ಕೀಳ್ಬ್ಯಾಡ."

ನಾಲೆಯ ಸೇತುವೆ ಹತ್ತಿರ ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ. ಆಶಾರಾಣಿ ಬಗ್ಗಿ ಕಾಲು ಮುಟ್ಟಲು ಹೋದಳು. "ಬುಡು ಬುಡು, ಸೀರೆ ಇಸ್ತ್ರಿ ಹಾಳಾಯ್ತದೆ. ಹೆದರ್ಕಬ್ಯಾಡ, ಜೋರಾಗಿ ಮಾತಾಡು," ಎಂದಳು ಕಾಮಾಕ್ಷಮ್ಮ.

ಪರೀಕ್ಷಕಿ ಮೈಸೂರು ಕಡೆಯವರು, ಮುಖದಲ್ಲಿ ನಗು ದುಬಾರಿ. ಹಿಂದಿನ ಬೆಂಚಿನಲ್ಲಿ ಕೂತು, "ಪಾಠೋಪಕರಣ ಎಲ್ಲಿ?" ಎಂದರು.

ಆಶಾರಾಣಿ ಚೀಲದಿಂದ ಎರಡು ಪೈಪಿನ ತುಂಡು ತೆಗೆದು ಮೇಜಿನ ಮೇಲಿಟ್ಟಳು. ಒಂದು ಉದ್ದ, ಒಂದು ಗಿಡ್ಡ.

"ಇಷ್ಟೇನಾ?"

"ಇಷ್ಟೇ ಮೇಡಂ."

ಕೆಂಪರಾಜು ಹೇಳಿದ ಚಾರ್ಟು ಒಂದು ಕ್ಷಣ ನೆನಪಾಯಿತು. ಆಮೇಲೆ ಉದ್ದದ ತುಂಡನ್ನು ಎತ್ತಿ ಹಿಡಿದು ಕೇಳಿದಳು: "ಇದನ್ನ ಯಾಕೆ ಕುಯ್ದೆವು?"

"ಮಿಷನ್ನು ಗಂಡಸ್ರಿಗೆ ಮಾಡಿದ್ರು ಮಿಸ್. ಹೆಂಗಸ್ರನ್ನ ಅಳ್ದು ಕುಯ್ದೆವು."

"ಸರಿಯಾಯ್ತಾ?"

"ಇಲ್ಲ!" ಎಂದಿತು ಇಡೀ ತರಗತಿ, ಬಹಳ ಉತ್ಸಾಹದಿಂದ.

"ತಪ್ಪು ಯಾರದು?"

ಮಕ್ಕಳು ಒಬ್ಬರನ್ನೊಬ್ಬರು ತೋರಿಸಿದರು. "ನನ್ನದು," ಎಂದಳು ಆಶಾರಾಣಿ. "ಕೆಸರಲ್ಲಿ ಕೆಲಸ ಮಾಡೋರನ್ನ ನಾನು ಕಲ್ಲಿನ ಮೇಲೆ ನಿಲ್ಲಿಸ್ದೆ. ಈಗ ಈ ಗಿಡ್ಡ ತುಂಡು ಯಾಕೆ ಅಂತ ನೀವು ಹೇಳಿ."

ಮಕ್ಕಳು ಹೇಳಿದರು. ಒಬ್ಬ ಬೋರ್ಡಿನ ಮೇಲೆ ಕೆಸರಿನ ಗೆರೆ ಎಳೆದ, ಇನ್ನೊಬ್ಬಳು ತಟ್ಟೆ ತೇಲುವುದನ್ನು ಬರೆದಳು. ಯಾರು ಎಷ್ಟು ಹೂತರು ಎಂದು ಜಗಳವೂ ಆಯಿತು. ನಯನ ಸೈಕಲ್ ಸೀಟಿನ ಕಥೆ ಹೇಳಿ, ತನ್ನ ಎರಡು ಪೈಪುಗಳ ಚಿತ್ರ ಬರೆದು, ತೂತುಗಳ ನಡುವೆ ಅಂತರ ಏಕೆ ಅಷ್ಟೇ ಇರಬೇಕೆಂದು ಲೆಕ್ಕ ಹಾಕಿ ತೋರಿಸಿದಳು. ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಅಲ್ಲಮ್ಮ, ಆ ಮಿಷನ್ನು ಎಲ್ಲಿ? ಅದನ್ನೇ ತರಬಹುದಿತ್ತಲ್ಲ?" ಎಂದು ನಯನಳನ್ನು ಕೇಳಿದರು.

"ಅದು ಬರಕ್ಕಾಗಲ್ಲ ಮೇಡಂ. ಇವತ್ತು ಗದ್ದೇಲಿ ಕೆಲ್ಸ ಮಾಡ್ತಾ ಅದೆ."

ದುಬಾರಿ ನಗು ಆಗ ಬಂದಿತು. ಹೊರಗೆ ಬಂದು ಅವರು ಆಶಾರಾಣಿಗೆ ಹೇಳಿದರು: "ಚಾರ್ಟ್ ಹರಿದುಹೋಯ್ತು, ಮಾದರಿ ಒಡೆದುಹೋಯ್ತು ಅಂತ ಬೇಕಾದಷ್ಟು ಕೇಳಿದೀನಿ. ಪಾಠೋಪಕರಣ ಕೂಲಿಗೆ ಹೋಗಿದೆ ಅಂತ ಕೇಳಿದ್ದು ಇದೇ ಮೊದಲು."

"ಕೂಲಿ ಅಲ್ಲ ಮೇಡಂ, ಮುಯ್ಯಿ," ಎಂದಳು ಆಶಾರಾಣಿ.

"ಇನ್ನು ಮೇಲೆ ನೀವು ಮೇಷ್ಟ್ರೇ. ತಪ್ಪನ್ನ ಮಕ್ಕಳ ಮುಂದೆ ಒಪ್ಪಿಕೊಳ್ಳೋಕೆ ನನಗೆ ಹತ್ತು ವರ್ಷ ಹಿಡೀತು." ಕೈ ಮುಗಿದು ಹೋದರು.

ನಾಗಯ್ಯನವರು ಸಿಹಿ ತರಿಸುತ್ತೇನೆಂದರೂ ಅವಳು ನಿಲ್ಲಲಿಲ್ಲ. ಇಸ್ತ್ರಿ ಸೀರೆ ಎತ್ತಿ ಹಿಡಿದು ನಾಲೆ ಏರಿಯ ಮೇಲೆ ಓಡಿದಳು. ಹೊತ್ತು ಇಳಿಯುತ್ತಿತ್ತು. ಸಂಜೆಗಂಟ ನಿಂತರೆ ಆಳು ಎಂದಿದ್ದಳಲ್ಲ ಮಲ್ಲಿಗಮ್ಮ.

ಗದ್ದೆಯಲ್ಲಿ ಹೆಂಗಸರೆಲ್ಲ ಮೇಲೆ ಬಂದು ನಾಲೆಯಲ್ಲಿ ಕಾಲು ತೊಳೆಯುತ್ತಿದ್ದರು. ಒಬ್ಬಳು ಮಾತ್ರ ಇನ್ನೂ ಒಳಗಿದ್ದಳು, ಕೊನೆಯ ಸಾಲಿನಲ್ಲಿ. ನೆಟ್ಟಗೆ ನಿಂತು, ಹಿಂದೆ ಮುಂದೆ, ಹಿಂದೆ ಮುಂದೆ ತಳ್ಳಿಕೊಂಡು ಬರುತ್ತಿದ್ದಳು. ಬದುವಿನ ಮೇಲೆ ತಾತನ ಪಕ್ಕ ಕೂತಿದ್ದ ತೇಜು "ಅಜ್ಜೀ, ಅವ್ವ ಬಂತು!" ಎಂದು ಕೂಗಿದಳು.

"ಸಾಲು ಮುಗೀಲಿ, ನಿಂತ್ಕಳಕ್ಕೆ ಹೇಳು!"

ಮುಗಿಸಿಯೇ ಬಂದಳು. ಮುಖದ ತುಂಬ ಕೆಸರಿನ ಚುಕ್ಕೆ. "ಏನಾಯ್ತು?" ಎಂದಳು.

"ಆಯ್ತು ಅತ್ತೆ. ಚೆನ್ನಾಗಾಯ್ತು." ಅಷ್ಟು ಹೇಳಿ ಆಶಾರಾಣಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಅಳ್ತೀಯ ಯಾಕೆ ಮತ್ತೆ? ಮೇಡಮ್ನೋರು ಅಳ್ತರಾ?" ಎಂದು ಕಾಮಾಕ್ಷಮ್ಮ ಕೆಸರು ಕೈಯಲ್ಲೇ ಸೊಸೆಯ ಕೆನ್ನೆ ಒರೆಸಿ, ಕೆನ್ನೆಗೂ ಕೆಸರು ಮಾಡಿದಳು.

ಮಲ್ಲಿಗಮ್ಮ ಆಚೆ ಎಲೆಗೆ ಸುಣ್ಣ ಹಚ್ಚುತ್ತ ನಾಳೆಯ ಲೆಕ್ಕ ಶುರು ಮಾಡಿದ್ದಳು. ನಾಳೆ ಅದೇ ಬೀದಿಯ ಕವಿತಾಳ ಗದ್ದೆ. ಯಾರ್ಯಾರು ಎಂದು ಬೆರಳು ಮಡಿಸುತ್ತಿದ್ದಳು. ಎರಡು ಬೆರಳು ಮಡಿಸಿ, ಈ ಕಡೆ ನೋಡಿ, ಸ್ವಲ್ಪ ತಡೆದು ಮೂರನೆಯದನ್ನೂ ಮಡಿಸಿದಳು.

"ಕಾಮಾಕ್ಸಮ್ಮ, ಒಂದಾಳು."

ಕಾಮಾಕ್ಷಮ್ಮ ತಿರುಗಿ ನೋಡಲಿಲ್ಲ. ಉರುಳೆಯ ಹಲ್ಲಿಗೆ ಸಿಕ್ಕಿದ್ದ ಕಳೆಯನ್ನು ನಿಧಾನವಾಗಿ ಬಿಡಿಸಿದಳು.

"ಏನಂದೆ ಮಲ್ಲಿಗಿ? ಕೇಳುಸ್ನಿಲ್ಲ."

"ಒಂದಾಳು ಕಣವ್ವ, ಒಂದಾಳು! ಕಿವೀನೂ ಹೋಯ್ತಾ?"

"ಈಗ ಕೇಳುಸ್ತು." ಅವಳು ಬೋಲ್ಟು ಬಿಗಿಯಾಗಿದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ ಸೊಸೆಯ ಕಡೆ ತಿರುಗಿದಳು. "ಆಸಾ, ನಾಳೆ ಮುದ್ದೆ ನೀವೇ ಗಂಡ ಹೆಂಡ್ತಿ ತಿರುವ್ಕಳಿ. ನಂಗೆ ಬೆಳಗ್ಗೇನೇ ಕೆಲ್ಸ ಅದೆ."